ಜೂನ್ 8ರ ತನಕದ ನೀರು

2018ರ ಮೇ 29, ಮಂಗಳವಾರ. ಮುಂಗಾರು ಕೇರಳಕ್ಕೆ ಕಾಲಿಟ್ಟ ದಿನವೇ ಮಂಗಳೂರು ಮುಳುಗಿತು. ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಕೊಟ್ಟಾರ ಚೌಕಿ, ಮಾಲೆಮಾರ್, ಪಂಪ್‌ವೆಲ್ ಕಡೆ ರಸ್ತೆ ಯಾವುದು, ತೋಡು ಯಾವುದು ಎಂದು ತಿಳಿಯದಂತಾಯಿತು. ತಗ್ಗಿನ ಮನೆಗಳ ಒಳಗೆ ನೀರು ನುಗ್ಗಿ, ಕೆಲವೆಡೆ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಮರುವರ್ಷ ಅದೇ ಮೇ ತಿಂಗಳಲ್ಲಿ ಇದೇ ನಗರದ ಪಾಲಿಕೆ ಯಾವ ದಿನ ನೀರು ಬಿಡುವುದು, ಯಾವ ದಿನ ನಿಲ್ಲಿಸುವುದು ಎಂದು ವೇಳಾಪಟ್ಟಿ ಹಾಕುತ್ತಿತ್ತು. ಫ್ಲ್ಯಾಟುಗಳ ಗೇಟಿನ ಮುಂದೆ ಟ್ಯಾಂಕರ್‌ಗಳು ಸಾಲುಗಟ್ಟಿದ್ದವು.

ಕೇರಳಕ್ಕೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 1. 2016ರಲ್ಲಿ ಅದು ಬಂದದ್ದು ಜೂನ್ 8ಕ್ಕೆ. 2019ರಲ್ಲೂ ಜೂನ್ 8. 2023ರಲ್ಲಿ ಮತ್ತೆ ಜೂನ್ 8. ಈ ಮೂರೂ ವರ್ಷ ಮಂಗಳೂರಿನ ನಳ್ಳಿ ನೀರಿಗೆ ರೇಷನಿಂಗ್ ಬಂತು. ಒಂದು ವಾರದ ತಡವೊಂದೇ ಎಲ್ಲಕ್ಕೂ ಕಾರಣ ಎನ್ನುವಂತಿಲ್ಲ. ಹಿಂದಿನ ಮಳೆಗಾಲ ಸೊರಗಿದ್ದರೆ, ಏಪ್ರಿಲ್‌ನ ಅಡ್ಡಮಳೆ ಕೈಕೊಟ್ಟರೆ ನದಿ ಮೊದಲೇ ಬಡವಾಗಿರುತ್ತದೆ. ಆದರೂ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಊರು, ಮಳೆ ಒಂದು ವಾರ ತಡವಾಯಿತೆಂದು ಕೊಡ ಹಿಡಿದು ನಿಲ್ಲುವುದು ಸಹಜವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಬೆಂಗಳೂರಿಗೆ ಬೀಳುವುದರ ಮೂರು ಪಟ್ಟಿಗೂ ಹೆಚ್ಚು ಮಳೆ ಇದು.

ಇದನ್ನು ಮಂಗಳೂರಿಗರದ್ದೇ ಅಳತೆಯಲ್ಲಿ ಹೇಳುತ್ತೇನೆ. ನಮ್ಮಲ್ಲಿ ಜಾಗವನ್ನು ಸೆಂಟ್ಸ್‌ನಲ್ಲಿ ಅಳೆಯುತ್ತಾರೆ. ಐದು ಸೆಂಟ್ಸ್ ಎಂದರೆ ಸುಮಾರು 200 ಚದರ ಮೀಟರ್. ಅದರ ಮೇಲೆ ಮೂರೂವರೆ ಮೀಟರ್ ಮಳೆ ಬಿದ್ದರೆ ಏಳು ಲಕ್ಷ ಲೀಟರ್ ಆಯಿತು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎಂಬುದು ಸರ್ಕಾರದ ಲೆಕ್ಕ. ಹಾಗೆ ನೋಡಿದರೆ ಐವರ ಕುಟುಂಬಕ್ಕೆ ವರ್ಷವಿಡೀ ಸಾಕಾಗುವುದು ಎರಡೂವರೆ ಲಕ್ಷ ಲೀಟರ್‌ಗೂ ಸ್ವಲ್ಪ ಕಡಿಮೆ. ಅಂದರೆ ಸ್ವಂತ ಜಾಗದ ಮೇಲೆ ಬೀಳುವ ನೀರೇ ಅಗತ್ಯದ ಸುಮಾರು ಮೂರು ಪಟ್ಟು. ಫ್ಲ್ಯಾಟುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಇಪ್ಪತ್ತು ಸೆಂಟ್ಸ್‌ನಲ್ಲಿ ಇಪ್ಪತ್ತು ಮನೆಗಳಿದ್ದರೆ ಮಳೆಗಿಂತ ಬಳಕೆಯೇ ಹೆಚ್ಚಾಗುತ್ತದೆ. ಇಡೀ ನಗರವನ್ನು ತೆಗೆದುಕೊಂಡರೆ ಮಾತ್ರ ತಕ್ಕಡಿ ಮತ್ತೆ ಮಳೆಯ ಕಡೆಗೇ ವಾಲುತ್ತದೆ. ಪಾಲಿಕೆಯ ಸುಮಾರು 132 ಚದರ ಕಿಲೋಮೀಟರ್ ವ್ಯಾಪ್ತಿಯ ಮೇಲೆ ವರ್ಷಕ್ಕೆ ಬೀಳುವ ನೀರು 16 ಟಿಎಂಸಿ ಅಡಿಯಷ್ಟಾಗುತ್ತದೆ. ತುಂಬೆಯಿಂದ ನಗರಕ್ಕೆ ಬರುವುದು ದಿನಕ್ಕೆ ಸುಮಾರು 16 ಕೋಟಿ ಲೀಟರ್. ಬೇಸಗೆಯ ಕೊನೆಯ ನೂರು ದಿನಗಳಿಗೆ ಅರ್ಧ ಟಿಎಂಸಿಗಿಂತ ತುಸು ಹೆಚ್ಚು.

ಹದಿನಾರು ಬೀಳುತ್ತದೆ, ಬೇಸಗೆಯ ಅರ್ಧಕ್ಕೆ ಸಾಲುವುದಿಲ್ಲ. ಮಂಗಳೂರಿನ ನೀರಿನ ಸಮಸ್ಯೆ ಇರುವುದು ಇಷ್ಟರಲ್ಲೇ. ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮಳೆ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದುಹೋಗುತ್ತದೆ. ಪಕ್ಕದಲ್ಲೇ ಕಡಲು. ಗುಡ್ಡದ ನೆತ್ತಿಗೆ ಬಿದ್ದ ಹನಿ ಸಂಜೆಯೊಳಗೆ ಅಳಿವೆ ಸೇರಿಬಿಡಬಹುದು. ಆ ಹನಿಯನ್ನು ಡಿಸೆಂಬರ್‌ವರೆಗೆ, ಮಾರ್ಚ್‌ವರೆಗೆ, ಮೇ ಕೊನೆಯ ಪತ್ತನಾಜೆ ಕಳೆಯುವವರೆಗೆ ಈ ನೆಲದಲ್ಲಿ ತಡಮಾಡಿಸುವುದೇ ಇಲ್ಲಿನ ನೀರ ನಿರ್ವಹಣೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅವರು ಕಟ್ಟಿದ್ದೆಲ್ಲವೂ ತಡಮಾಡಿಸುವ ಉಪಾಯಗಳೇ.

ತುಂಬೆಯ ಬಾಗಿಲುಗಳು

ಕುದುರೆಮುಖದ ಮಡಿಲಲ್ಲಿ ಹುಟ್ಟಿ ಧರ್ಮಸ್ಥಳದ ಬದಿಯಿಂದ ಹರಿದು ಬರುವ ನೇತ್ರಾವತಿಯನ್ನು ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಸೇರುತ್ತದೆ. ಬಂಟ್ವಾಳ ದಾಟಿ ತುಂಬೆಗೆ ಬರುವಾಗ ನದಿ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಮಂಗಳೂರಿನ ನಳ್ಳಿಯ ನೀರು ಇಲ್ಲಿನದು. ತುಂಬೆಯಲ್ಲಿರುವುದು ಕಿಂಡಿ ಅಣೆಕಟ್ಟು. ಕಣಿವೆಗೆ ಅಡ್ಡಗಟ್ಟಿ ವರ್ಷಗಟ್ಟಲೆ ನೀರು ಹಿಡಿಯುವ ಜಲಾಶಯ ಅದಲ್ಲ. ಮಳೆಗಾಲದಲ್ಲಿ ಅದರ ಬಾಗಿಲುಗಳು ಮೇಲಿರುತ್ತವೆ. ನೆರೆ, ಹೂಳು, ಮರದ ದಿಮ್ಮಿ, ಮೀನು ಎಲ್ಲವೂ ಸಲೀಸಾಗಿ ಹೋಗುತ್ತವೆ. ಮಳೆ ಹಿಂದೆ ಸರಿದ ಮೇಲೆ ಬಾಗಿಲು ಇಳಿಸಿ, ಸೊರಗುತ್ತಿರುವ ಹರಿವನ್ನು ನಿಲ್ಲಿಸಿಕೊಳ್ಳುತ್ತಾರೆ. ಹಳೆಯ ಅಣೆಕಟ್ಟಿನಲ್ಲಿ ನಿಲ್ಲುತ್ತಿದ್ದದ್ದು ನಾಲ್ಕು ಮೀಟರ್ ನೀರು. ಬೇಡಿಕೆ ಏರಿದಂತೆ ಏಳು ಮೀಟರ್ ನಿಲ್ಲಿಸಬಲ್ಲ ಹೊಸದನ್ನು ಕಟ್ಟಿದರು. ಆದರೆ ನೀರನ್ನು ಅಷ್ಟಕ್ಕೆ ಏರಿಸುವುದು ಕಾಂಕ್ರೀಟಿನ ಪ್ರಶ್ನೆ ಮಾತ್ರವಲ್ಲವಲ್ಲ. ಮೇಲ್ಭಾಗದ ಹಳ್ಳಿಗಳ ತೋಟ ಗದ್ದೆ ಮುಳುಗುತ್ತವೆ, ಪರಿಹಾರ ಕೊಡಬೇಕಾಗುತ್ತದೆ. ಹಾಗಾಗಿ ಮೊದಲು ಐದು ಮೀಟರ್, ಮತ್ತೆ ಆರು ಎಂದು ಹಂತಹಂತವಾಗಿ ಏರಿಸಬೇಕಾಯಿತು. ಮಂಗಳೂರಿನಲ್ಲಿ ನಳ್ಳಿ ತಿರುಗಿಸುವಾಗ ಬಂಟ್ವಾಳ ತಾಲೂಕಿನ ಯಾರದ್ದೋ ಅಡಿಕೆ ಮರದ ಬುಡ ನೀರಲ್ಲಿ ನಿಂತಿರುತ್ತದೆ ಎಂಬುದನ್ನು ನಗರ ನೆನೆಯುವುದು ಕಡಿಮೆ.

ಕಿಂಡಿ ಅಣೆಕಟ್ಟಿಗೆ ಇನ್ನೊಂದು ಕೆಲಸವೂ ಉಂಟು. ಬೇಸಗೆಯಲ್ಲಿ ನದಿಯ ತಳ್ಳುವ ಬಲ ಕುಗ್ಗಿದಾಗ ಭರತದ ಹೊತ್ತಿಗೆ ಕಡಲ ನೀರು ನದಿಯೊಳಗೆ ಮೈಲಿಗಟ್ಟಲೆ ಏರಿ ಬರುತ್ತದೆ. ಹೊಯ್ಗೆ ತೆಗೆದು ತೆಗೆದು ನದಿಯ ತಳ ಕುಸಿದಷ್ಟೂ ಉಪ್ಪು ಇನ್ನೂ ಒಳಗೆ ಬರುತ್ತದೆ. ದಡದ ಬಾವಿಗಳು ಸವುಳಾಗುತ್ತವೆ, ತೆಂಗು ಸೊರಗುತ್ತದೆ. ತುಂಬೆಯಿಂದ ಕೆಳಗೆ ಹರೇಕಳ ಮತ್ತು ಅಡ್ಯಾರ್ ನಡುವೆ ಸೇತುವೆಯನ್ನೂ ಹೊತ್ತು ನಿಂತಿರುವ ಹೊಸ ಕಿಂಡಿ ಅಣೆಕಟ್ಟು ಈ ಉಪ್ಪನ್ನು ತಡೆಯುವುದಕ್ಕಾಗಿಯೇ ಮುಖ್ಯವಾಗಿ ಕಟ್ಟಿದ್ದು. ಎರಡೂ ದಡದ ಬಾವಿಗಳಿಗೆ ಅದರಿಂದಾದ ಉಪಕಾರ ಸಣ್ಣದಲ್ಲ.

ತುಂಬೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಐದಾರು ಲಕ್ಷ ಜನರ ನಗರಕ್ಕೆ ನದಿ ಬೇಕೇ ಬೇಕು. ನನ್ನನ್ನು ಚಿಂತೆಗೀಡುಮಾಡುವುದು ಬೇರೆ ಸಂಗತಿ. ನಗರದ ನೀರೆಲ್ಲ ಒಂದೇ ಜಾಗದ ಕೆಲವು ಮೀಟರ್ ಆಳವನ್ನು ನೆಚ್ಚಿ ನಿಂತಿದೆ. ಏಪ್ರಿಲ್ ಕೊನೆಗೆ ಮೇಲಿನಿಂದ ಬರುವ ಹರಿವು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಆಗ ಪತ್ರಿಕೆಗಳಲ್ಲಿ ತುಂಬೆಯ ನೀರಿನ ಮಟ್ಟ ದಿನವೂ ಸುದ್ದಿಯಾಗುತ್ತದೆ: ಐದು ಮೀಟರ್, ನಾಲ್ಕೂವರೆ, ನಾಲ್ಕು. ಅದೇ ಹೊತ್ತಿಗೆ ನಗರದ ಎಷ್ಟೋ ಹಳೆಯ ಮನೆಗಳ ಹಿತ್ತಿಲಲ್ಲಿ ನೀರಿರುವ ಬಾವಿ ಕಬ್ಬಿಣದ ಬಲೆ ಮುಚ್ಚಿಕೊಂಡು, ಎಲೆ ಉದುರಿಸಿಕೊಂಡು ಸುಮ್ಮನಿರುತ್ತದೆ.

ಮುರಕಲ್ಲಿನ ಕೆಳಗೆ

ಮಂಗಳೂರು ಗುಡ್ಡಗಳ ಊರು. ಕದ್ರಿ, ಬಾವುಟಗುಡ್ಡ, ಪದವಿನಂಗಡಿ ಎತ್ತರದಲ್ಲಿವೆ. ಕೊಡಿಯಾಲ್‌ಬೈಲ್, ಕುಂಜತ್ತಬೈಲ್, ಕೊಟ್ಟಾರಗಳು ಹಿಂದಿನ ತಗ್ಗಿನ ಬೈಲುಗಳು. ಗುಡ್ಡಗಳ ಮೈ ಮುರಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ವರದಿಯಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪ್ಪುರದಲ್ಲಿ ಕಂಡ ಇದೇ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಹೊಸದಾಗಿ ಕಡಿದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಇದರ ಗುಣದಿಂದಲೇ ಕರಾವಳಿಯ ಮನೆ, ದೈವಸ್ಥಾನ, ಕೋಟೆಗಳೆಲ್ಲ ಎದ್ದದ್ದು. ನೀರಿನ ಕಣ್ಣಿನಿಂದ ನೋಡುವವರಿಗೆ ಮುಖ್ಯವಾದದ್ದು ಅದರ ತೂತುಗಳು. ಕಾವಲಿಯಿಂದ ಎತ್ತಿದ ನೀರುದೋಸೆಯಂತೆ ಮೈತುಂಬ ರಂಧ್ರ. ಮಳೆ ಬಿದ್ದೊಡನೆ ಕುಡಿದುಬಿಡುತ್ತದೆ.

ಮುರಕಲ್ಲಿನ ಕೆಳಗೆ ಶೇಡಿಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ನುಣುಪು ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಅದರ ಅಡಿಗೆ ಕರಿಕಲ್ಲು. ಮೇಲಿನಿಂದ ಇಳಿದ ನೀರು ಶೇಡಿಗೆ ತಾಗಿ ನಿಲ್ಲುತ್ತದೆ, ಮತ್ತೆ ಇಳಿಜಾರು ಹಿಡಿದು ಅಡ್ಡಕ್ಕೆ ಸರಿಯುತ್ತದೆ, ಗುಡ್ಡದ ಮೈ ಎಲ್ಲಿ ಬಾಗಿ ಶೇಡಿಯನ್ನು ಸಂಧಿಸುತ್ತದೋ ಅಲ್ಲಿ ಒರತೆಯಾಗಿ ಹೊರಬರುತ್ತದೆ. ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ಈ ಜಿಲ್ಲೆಯ ಬರೆಗಳೆಲ್ಲ, ಅಂದರೆ ಗುಡ್ಡದ ಕಡಿದಾದ ಬದಿಗಳೆಲ್ಲ, ಒಸರುವುದು ಇದೇ ಕಾರಣಕ್ಕೆ. ಕದ್ರಿಯ ಮಂಜುನಾಥ ದೇವಸ್ಥಾನದ ಹಿಂಬದಿಯ ಗೋಮುಖದಿಂದ ನೀರು ಬಂದು ಸಾಲು ಕೆರೆಗಳನ್ನು ತುಂಬುವುದೂ ಹೀಗೆ ಗುಡ್ಡದ ಮಗ್ಗುಲಿನಲ್ಲೇ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ, ಆಳುಪ ಅರಸ ಕುಂದವರ್ಮನದು. ಸಾವಿರ ವರ್ಷ ಹಿಂದೆಯೇ ಜನ ನೆಲೆಯೂರಲು ಒರತೆಯ ಬದಿಯನ್ನು ಆರಿಸಿಕೊಂಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಾವಿಯ ಕಥೆಯೂ ಇಷ್ಟೇ. ತೋಡುವವರು ಮುರಕಲ್ಲನ್ನು ಕೊರೆದು ಶೇಡಿಯ ತನಕ, ಕೆಲವೊಮ್ಮೆ ಅದರ ಒಳಗೂ ಹೋಗುತ್ತಾರೆ. ಆಳವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಶೇಡಿ ಜರಿಯುವ ಕಡೆ ಒಳಗಿನಿಂದ ಕಲ್ಲು ಕಟ್ಟುತ್ತಾರೆ. ಜುಲೈ ಹೊತ್ತಿಗೆ ಬಾವಿ ಕೈಗೆಟಕುವಷ್ಟು ತುಂಬುತ್ತದೆ, ಮಾರ್ಚ್‌ಗೆ ಪಾತಾಳಕ್ಕೆ ಇಳಿಯುತ್ತದೆ. ಮುರಕಲ್ಲು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ನಮ್ಮ ಭೂಜಲದ ಬಲವೂ ದೌರ್ಬಲ್ಯವೂ ಈ ಒಂದು ಗುಣದಲ್ಲಿದೆ.

ಹಾಗಾಗಿ ಮನೆಯ ಮಾಡಿನ ನೀರನ್ನು ಬಾವಿಗೆ ಇಳಿಸಿದರೆ ಸಮಸ್ಯೆ ಮುಗಿಯಿತು ಎಂದು ಹೇಳುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಇಳಿಸಬೇಕು, ನಿಜ. 2019ರ ಬರದ ನಂತರ ಜಿಲ್ಲೆಯಲ್ಲಿ ಮಳೆಕೊಯ್ಲಿನ ಒಳ್ಳೆಯ ಅಲೆಯೇ ಎದ್ದಿತು. ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಹೊಯ್ಗೆ ಹಾಕಿ ಸೋಸಿ, ಮೊದಲೆರಡು ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲೆ ಬಾವಿಗೆ ಬಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿ ನೆಲೆ ನಿಂತಿತು. ಆದರೆ ಜುಲೈಯಲ್ಲಿ ಬಾವಿ ತಾನಾಗಿಯೇ ತುಂಬಿರುತ್ತದೆ. ಆಗ ಸುರಿದ ನೀರು ಬದಿಯ ಮುರಕಲ್ಲಿನ ಮೂಲಕ ಕೆಲವೇ ವಾರಗಳಲ್ಲಿ ಜಾರಿಹೋಗುತ್ತದೆ. ಹೆಚ್ಚು ಲಾಭ ಕೊಡುವುದು ಸೆಪ್ಟೆಂಬರ್ ಕೊನೆಯ, ಅಕ್ಟೋಬರ್‌ನ ಗುಡುಗುಮಳೆಯ ನೀರು. ಜೂನ್‌ನಲ್ಲಿ ಸೋಸುಕ ಶುಚಿ ಮಾಡಿ ಆಮೇಲೆ ಮರೆತವರಿಗೆ ಅದು ಸಿಗುವುದಿಲ್ಲ. ಇನ್ನೊಂದು ಮಾತು: ಗುಡ್ಡದ ಮೇಲಿನ ಮನೆಯವರು ಇಂಗಿಸಿದ ನೀರು ಹೆಚ್ಚಾಗಿ ದಕ್ಕುವುದು ಕೆಳಗಿನ ಮನೆಯ ಬಾವಿಗೆ. ಒಬ್ಬನ ಖರ್ಚು, ಇನ್ನೊಬ್ಬನ ಲಾಭ. ಇಡೀ ಇಳಿಜಾರಿನ ಮನೆಗಳು ಒಟ್ಟಾಗಿ ಮಾಡಿದರೆ ಮಾತ್ರ ಎಲ್ಲರ ಬಾವಿಯಲ್ಲೂ ವ್ಯತ್ಯಾಸ ಕಾಣುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ನೆಟ್ಟಗೆ ಕಡಿದ ಬರೆಯ ಅಂಚಿನಲ್ಲಿ ಇಂಗುಗುಂಡಿ ತೋಡಬಾರದು. ನೀರು ಕುಡಿದ ಶೇಡಿ ಜಾರುತ್ತದೆ. ಮಳೆಗಾಲದಲ್ಲಿ ಬರೆ ಜರಿದು ಜೀವ ಹೋಗುವುದನ್ನು ನಾವು ಪ್ರತಿವರ್ಷ ಕೇಳುತ್ತಿದ್ದೇವೆ.

ಬೋರ್‌ವೆಲ್ಲಿನ ದಾರಿ ಬೇರೆಯದು. ಅದು ಮುರಕಲ್ಲು, ಶೇಡಿ ಎರಡನ್ನೂ ದಾಟಿ ಕರಿಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆ. ಬಿರುಕು ಸಿಕ್ಕಿದರೆ ನೀರು, ಇಲ್ಲದಿದ್ದರೆ ಪುಡಿ. ಕೇಸಿಂಗ್ ಪೈಪನ್ನು ಗಟ್ಟಿ ಬಂಡೆಯವರೆಗೆ ಸರಿಯಾಗಿ ಕೂರಿಸದಿದ್ದರೆ ಮೇಲಿನ ಪದರದ ನೀರು ಆ ತೂತಿನಿಂದ ಕೆಳಗೆ ಸೋರುವ ಅಪಾಯವೂ ಇದೆ. ಪಕ್ಕದ ಮನೆಯವರು ಬೋರ್ ತೆಗೆಸಿದ ಮೇಲೆ ನಮ್ಮ ಬಾವಿ ಬತ್ತಿತು ಎಂಬ ದೂರನ್ನು ಬರೀ ನೆರೆಕರೆಯ ಜಗಳ ಎಂದು ತಳ್ಳಿಹಾಕುವಂತಿಲ್ಲ.

ನೀರಿನ ನಿಜವಾದ ತಿಜೋರಿ ಮುರಕಲ್ಲಿನ ಗುಡ್ಡವೇ. ಈಗ ಗುಡ್ಡಕ್ಕೆ ಏನಾಗುತ್ತಿದೆ ನೋಡಿ. ಜೆಸಿಬಿ ತಂದು ನೆತ್ತಿ ತಗ್ಗಿಸಿ ಲೇಔಟ್ ಮಾಡುತ್ತಾರೆ. ಕಡಿದ ಮಣ್ಣನ್ನು ಲಾರಿಯಲ್ಲಿ ಒಯ್ದು ಬೈಲಿನ ಗದ್ದೆ ತುಂಬಿಸುತ್ತಾರೆ. ನೀರು ಇಳಿಯುವ ಜಾಗ, ನೀರು ನಿಲ್ಲುವ ಜಾಗ ಎರಡೂ ಒಂದೇ ಲಾರಿಯ ಟ್ರಿಪ್ಪಿನಲ್ಲಿ ಮುಗಿಯುತ್ತವೆ. ಉಳಿದ ಅಂಗಳಕ್ಕೆ ಇಂಟರ್‌ಲಾಕ್ ಹಾಸುತ್ತಾರೆ. 2018ರ ಮೇ 29ರಂದು ಕೊಟ್ಟಾರದಲ್ಲಿ ನಿಂತ ನೀರಿಗೂ 2019ರ ಮೇಯಲ್ಲಿ ಬತ್ತಿದ ಬಾವಿಗಳಿಗೂ ನಾನು ಬೇರೆ ಬೇರೆ ಕಾರಣ ಹುಡುಕುವುದಿಲ್ಲ.

ಗದ್ದೆಯ ಲೆಕ್ಕ ಕೇಳಿ. ಒಂದು ಎಕರೆ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ನಾಲ್ಕು ಲಕ್ಷ ಲೀಟರ್. ಮಳೆಗಾಲದ ಏಣೇಲು ಬೇಸಾಯದ ತಿಂಗಳುಗಳಲ್ಲಿ ಅದು ತುಂಬುತ್ತಾ, ಇಂಗುತ್ತಾ, ಮತ್ತೆ ತುಂಬುತ್ತಾ ಇರುತ್ತದೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ಎತ್ತರದ ಪ್ರಕಾರ ವಿಂಗಡಿಸಿದ್ದ ತುಳುನಾಡಿನ ರೈತ, ಬೈಲಿನಲ್ಲಿ ಸುಗ್ಗಿ, ಕೊಳಕೆ ಎಂದು ಎರಡನೆಯ, ಮೂರನೆಯ ಬೆಳೆಯನ್ನೂ ತೆಗೆಯುತ್ತಿದ್ದ. ಆ ನೀರು ಬರುತ್ತಿದ್ದುದು ತೋಡಿಗೆ ಹಾಕಿದ ಕಟ್ಟದಿಂದ. ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ, ಸೊಪ್ಪು ಹಾಕಿ ಊರವರೇ ಕಟ್ಟುವ ತಾತ್ಕಾಲಿಕ ತಡೆ ಅದು. ಮುಂದಿನ ಮಳೆಗೆ ಅದಾಗಿಯೇ ಕೊಚ್ಚಿಹೋಗುತ್ತದೆ, ಮುಂದಿನ ವರ್ಷ ಮತ್ತೆ ಕಟ್ಟುತ್ತಾರೆ. ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ಒಂದೇ ತೋಡಿಗೆ ಸಾಲುಸಾಲಾಗಿ ಕಟ್ಟ ಹಾಕುವುದು ಈಗಲೂ ಉಂಟು. ಗುಡ್ಡದ ಮೇಲಿನ ತಗ್ಗಿಗೆ ಒಂದು ಬದಿಯಲ್ಲಿ ದಂಡೆ ಕಟ್ಟಿ ಮಳೆನೀರು ನಿಲ್ಲಿಸುವುದು ಮದಕ. ಮದಕದ ನೀರನ್ನು ಸಾಮಾನ್ಯವಾಗಿ ಕೊಡದಲ್ಲಿ ಎತ್ತುವುದಿಲ್ಲ, ಅದು ಕೆಳಗಿನ ತೋಟಗಳ ಬಾವಿಗಳಿಗೆ ಇಳಿಯಲಿ ಎಂದು ಬಿಡುವುದು. ಈ ಕಟ್ಟ, ಮದಕ, ಸುರಂಗಗಳ ಬಗ್ಗೆ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ದಶಕಗಳಿಂದ ಊರೂರು ತಿರುಗಿ ಬರೆಯದೇ ಇದ್ದಿದ್ದರೆ ನಮ್ಮ ಪೀಳಿಗೆಗೆ ಇವುಗಳ ಹೆಸರೂ ತಿಳಿಯುತ್ತಿರಲಿಲ್ಲ.

ಸುರಂಗವಂತೂ ಮುರಕಲ್ಲಿನ ಸ್ವಭಾವವನ್ನು ಕೈಯಿಂದ ಓದಿದವರ ವಿದ್ಯೆ. ಗುಡ್ಡದ ಮೈಗೆ ಅಡ್ಡಲಾಗಿ, ಒಬ್ಬ ಆಳು ನುಸುಳುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗಿ ಒರತೆಯನ್ನು ಮುಟ್ಟುವುದು. ಪಂಪು ಬೇಡ, ವಿದ್ಯುತ್ ಬೇಡ, ಬಾಯಿಯಿಂದ ನೀರು ತಾನಾಗಿಯೇ ಇಳಿದು ಬರುತ್ತದೆ. ವಿಟ್ಲದ ಆಚೆ, ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು, ಬೋಳು ಇಳಿಜಾರಿನಲ್ಲಿ ಒಬ್ಬರೇ ಸುರಂಗ ಕೊರೆದವರು. ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಉಳಿದರೂ ಬಿಡಲಿಲ್ಲ. ಕೊನೆಗೆ ನೀರು ಸಿಕ್ಕಿ, ಆ ಬೋಳಿನಲ್ಲಿ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಗರದಲ್ಲಿ ಯಾರೂ ಸುರಂಗ ಕೊರೆಯಬೇಕಿಲ್ಲ. ಆದರೆ ನೀರು ಯಾವ ಪದರದಲ್ಲಿ ನಿಂತು ಯಾವ ಕಡೆಗೆ ಸರಿಯುತ್ತದೆಂದು ಅವರು ತಿಳಿದುಕೊಂಡಷ್ಟನ್ನು ನಗರದ ನಕ್ಷೆ ಬರೆಯುವವರೂ ತಿಳಿದುಕೊಂಡರೆ ಗುಡ್ಡ ಕಡಿಯಲು ಸಹಿ ಹಾಕುವ ಕೈ ಒಮ್ಮೆ ತಡೆಯುತ್ತಿತ್ತು.

ಉಪ್ಪಿನ ಮೇಲೆ ತೇಲುವ ಸಿಹಿ

ಬೆಂಗ್ರೆ ಮತ್ತು ತಣ್ಣೀರುಬಾವಿ, ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಚಾಚಿದ ಹೊಯ್ಗೆಯ ನೆಲ. ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ತೋಡಿದ ಬಾವಿಯಲ್ಲೂ ಕುಡಿಯುವ ನೀರು ಸಿಗುತ್ತದೆಂಬುದು ಹೊರಗಿನಿಂದ ಬಂದವರಿಗೆ ಬೆರಗು. ಇದರ ಕಾರಣವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಡಚ್ ಎಂಜಿನಿಯರ್ ಘೈಬೆನ್, ಆಮೇಲೆ ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ವಿವರಿಸಿದರು. ಮಳೆಯ ನೀರು ಕಡಲ ನೀರಿಗಿಂತ ಹಗುರ. ಹೊಯ್ಗೆಯೊಳಗೆ ಇಳಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ತೂಕದ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟೇ ಆದದ್ದರಿಂದ, ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿ ಆಳಕ್ಕೆ ಉಪ್ಪನ್ನು ಒತ್ತಿ ಹಿಡಿಯುತ್ತದೆ.

ಈ ಲೆಕ್ಕವನ್ನು ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ. ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಉಪ್ಪು ಕೆಳಗಿನಿಂದ ನಲವತ್ತು ಅಡಿ ಮೇಲೇರಲು ದಾರಿಯಾಗುತ್ತದೆ. ಕೊಡಪಾನದಲ್ಲಿ ಸೇದುತ್ತಿದ್ದ ಕಾಲದಲ್ಲಿ ಬಾವಿಗೆ ಮತ್ತೆ ತುಂಬಿಕೊಳ್ಳಲು ಬಿಡುವಿತ್ತು. ಈಗ ಅದೇ ಬಾವಿಗೆ ಮೋಟಾರು ಇಳಿಸಿದರೆ ಕೆಲವು ಬೇಸಗೆ ಕಳೆಯುವುದರೊಳಗೆ ಸವುಳು. ಒಮ್ಮೆ ಉಪ್ಪೇರಿದ ಬಾವಿ ಬೇಗನೆ ಸಿಹಿಯಾಗುವುದಿಲ್ಲ. ಹೊಯ್ಗೆ ನೆಲದ ಮನೆಗಳಲ್ಲಿ ಮಾಡಿನ ನೀರನ್ನು ಇಂಗಿಸುವುದರ ಫಲ ಗುಡ್ಡಕ್ಕಿಂತ ಹೆಚ್ಚು ಎಂದು ನಾನು ನಂಬುವುದು ಇದಕ್ಕೇ. ಇಂಗಿದ ಪ್ರತಿ ಮಳೆ ಉಪ್ಪನ್ನು ಕೆಳಗೆ ಒತ್ತುತ್ತದೆ.

ಇದೇ ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ದಿನಕ್ಕೆ ಮೂರು ಕೋಟಿ ಲೀಟರ್ ಸಾಮರ್ಥ್ಯದ, ಕಡಲ ನೀರಿನಿಂದ ಉಪ್ಪು ತೆಗೆಯುವ ಘಟಕ ಕಟ್ಟಿದೆ. ನೇತ್ರಾವತಿಯನ್ನು ನೆಚ್ಚಿದ್ದ ದೊಡ್ಡ ಕಾರ್ಖಾನೆಯೊಂದು ಬೇಸಗೆಯಲ್ಲಿ ನದಿಗೆ ಭಾರವಾಗದಂತೆ ನಡೆದುಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ, ಅದು ಸ್ವಾಗತಿಸಬೇಕಾದದ್ದು. ಆದರೆ ಹೀಗೆ ತೆಗೆದ ನೀರಿಗೆ ವಿದ್ಯುತ್ ಬಹಳ ಬೇಕು, ಉಳಿದ ಗಟ್ಟಿ ಉಪ್ಪುನೀರನ್ನು ಮತ್ತೆ ಕಡಲಿಗೇ ಬಿಡಬೇಕು. ಕಾರ್ಖಾನೆಗೆ ಹೊಂದುವ ಈ ಉಪಾಯವನ್ನು ಮಂಗಳೂರಿನ ಮನೆಗಳಿಗೂ ಪರಿಹಾರವೆಂದು ಆಗಾಗ ಮುಂದಿಡುವುದು ಕೇಳಿದಾಗ ಮಾತ್ರ ಬೇಸರವಾಗುತ್ತದೆ. ಮೂರೂವರೆ ಮೀಟರ್ ಸಿಹಿನೀರನ್ನು ಸಮುದ್ರಕ್ಕೆ ಬಿಟ್ಟು, ಆಮೇಲೆ ಸಮುದ್ರದಿಂದ ಉಪ್ಪು ಸೋಸಿ ಕುಡಿಯಬೇಕೆ?

ಎತ್ತಿನಹೊಳೆಯ ಮಾತೂ ಇಲ್ಲಿ ಬರಲೇಬೇಕು. ನೇತ್ರಾವತಿಗೆ ಸೇರುವ ಘಟ್ಟದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಉದ್ಘಾಟನೆಯಾಯಿತು. ಮಂಗಳೂರಿನಲ್ಲಿ ಇದರ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದಿದೆ. ಘಟ್ಟದ ಕಾಡಿಗಾದ ಗಾಯ ನಿಜ, ಬೇಸಗೆಯ ಹರಿವನ್ನು ಹಿಡಿದಿಡುವುದೂ ಅದೇ ಕಾಡು. ಕೋಲಾರದ ಬಾಯಾರಿಕೆಯೂ ನಿಜ. ನದಿಗಾಗಿ ಬೀದಿಗಿಳಿದ ನಮ್ಮ ಊರು ಅದೇ ಕಾಳಜಿಯಿಂದ ತನ್ನ ಗುಡ್ಡ, ಬೈಲು, ಬಾವಿಗಳಿಗಾಗಿಯೂ ಇಳಿದಿದ್ದರೆ ನಮ್ಮ ಮಾತಿಗೆ ಇನ್ನಷ್ಟು ತೂಕವಿರುತ್ತಿತ್ತು ಎಂದು ನನಗನಿಸುತ್ತದೆ.

ನೀರಿದ್ದೂ ಕುಡಿಯಲಾರದ ಬಾವಿಗಳ ಸಂಕಟ ಇನ್ನೊಂದು. ಮಳೆಯನ್ನು ಬೇಗನೆ ಕುಡಿಯುವ ಮುರಕಲ್ಲು ಕೊಳಚೆಯನ್ನೂ ಅಷ್ಟೇ ಬೇಗ ಸಾಗಿಸುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಶೌಚಾಲಯದ ಗುಂಡಿ ಮೂರೂ ಇದ್ದರೆ ಅವುಗಳ ನಡುವೆ ಬೇಕಾದ ಐವತ್ತು ಅಡಿ ಅಂತರ ಎಲ್ಲಿಂದ ಬರಬೇಕು? ಒಳಚರಂಡಿ ಬಂದಲ್ಲಿ ಈ ಭಯ ಹೋಗಬೇಕಿತ್ತು. ಆದರೆ ಮ್ಯಾನ್‌ಹೋಲ್ ತುಂಬಿ ಹರಿದಾಗ ಕೊಳಚೆ ತೋಡಿಗೆ, ಅಲ್ಲಿಂದ ಬದಿಯ ಬಾವಿಗೆ. ಮಂಗಳಾದೇವಿ ದೇವಸ್ಥಾನದ ಹತ್ತಿರದ ಗುಜ್ಜರಕೆರೆಗೆ ಹಲವು ಬಾರಿ ಹಣ ಸುರಿದು ಮೆಟ್ಟಿಲು, ತಡೆಗೋಡೆ, ನಡೆಯುವ ದಾರಿ ಎಲ್ಲ ಮಾಡಿದರು. ಕೊಳಚೆ ಸೇರುತ್ತಿದೆ ಎಂಬ ಅಲ್ಲಿಯವರ ದೂರು ಮಾತ್ರ ಬಹುಕಾಲ ನಿಲ್ಲಲಿಲ್ಲ. ಕೆರೆಯ ಅಂದ ಹೆಚ್ಚಿಸುವ ಮೊದಲು ಅದರೊಳಗೆ ಬರುವ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಪಚ್ಚನಾಡಿಯದ್ದು. 2019ರ ಆಗಸ್ಟ್‌ನಲ್ಲಿ ಅಲ್ಲಿನ ತ್ಯಾಜ್ಯದ ಗುಡ್ಡ ಮಳೆಗೆ ಜಾರಿ ಕೆಳಗಿನ ಮಂದಾರದ ತೋಟಗಳ ಮೇಲೆ, ಮನೆಗಳ ಮೇಲೆ ಹರಡಿತು. ಕುಟುಂಬಗಳು ಎದ್ದು ಹೋಗಬೇಕಾಯಿತು. ಕಸದಿಂದ ಒಸರಿದ ಕಪ್ಪು ನೀರು ತೋಡು ಹಿಡಿದು ಫಲ್ಗುಣಿಗೆ ಸೇರಿ ಮರವೂರಿನ ಕಿಂಡಿ ಅಣೆಕಟ್ಟಿನ ನೀರನ್ನೂ ಕೆಡಿಸಿತು ಎಂಬ ದೂರು ಎದ್ದಿತು. ಆ ಅಣೆಕಟ್ಟನ್ನು ಕುಡಿಯುವ ನೀರಿಗಾಗಿ ನೆಚ್ಚಿದ ಹಳ್ಳಿಗಳು ಬಜ್ಪೆಯ ಸುತ್ತಮುತ್ತ ಇವೆ. ಮಂಗಳೂರು ನಗರದ ಕಸ, ಹಳ್ಳಿಯವರ ಕುಡಿಯುವ ನೀರು. ಕಸವನ್ನು ಎಲ್ಲಿ ಸುರಿಯುತ್ತೇವೆ ಎಂಬ ನಿರ್ಧಾರವೂ ನೀರಿನ ನಿರ್ಧಾರವೇ ಎಂದು ಆ ಮಳೆಗಾಲ ತೋರಿಸಿಕೊಟ್ಟಿತು.

ಒಳ್ಳೆಯದೂ ನಡೆದಿದೆ. ಕಾವೂರಿನ ಕೊಳಚೆ ಶುದ್ಧೀಕರಣ ಘಟಕದ ನೀರನ್ನು ಮಂಗಳೂರು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೆ ಒಯ್ಯುವ ವ್ಯವಸ್ಥೆಯಾಗಿದೆ. ನಗರ ಒಮ್ಮೆ ಬಳಸಿದ ನೀರಿನಿಂದ ಕಾರ್ಖಾನೆ ನಡೆದರೆ ಅಷ್ಟು ನೇತ್ರಾವತಿ ಉಳಿಯಿತು. ಇದು ಇನ್ನೂ ಬೆಳೆಯಬೇಕು. ನಿರಂತರ ನೀರು ಕೊಡುವ ಜಲಸಿರಿ ಯೋಜನೆಯ ಪೈಪುಗಳೂ ನಗರದಲ್ಲಿ ಹಾಸಿಕೊಂಡಿವೆ. ಸೋರುವ ಹಳೆಯ ಕೊಳವೆ ಬದಲಾಗಿ, ಮೀಟರ್ ಸರಿಯಾಗಿ ಓಡಿದರೆ ಅದರಿಂದ ಉಪಕಾರವೇ. ಆದರೆ ದಿನದ 24 ಗಂಟೆ ನಳ್ಳಿ ಬಂದಷ್ಟೂ ಹಿತ್ತಿಲ ಬಾವಿಯ ನೆನಪು ಇನ್ನಷ್ಟು ಮಾಸುತ್ತದೆ ಎಂಬ ಅಂಜಿಕೆ ನನಗಿದೆ. ಬಳಸದ ಬಾವಿಯ ನೀರು ಕೆಡುತ್ತದೆ, ಕೆಟ್ಟ ಬಾವಿಗೆ ಕಸ ಬೀಳುತ್ತದೆ, ಕಸ ಬಿದ್ದದ್ದು ಮುಚ್ಚಿಹೋಗುತ್ತದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು, ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬಾವಿ ಇಲ್ಲದ ಮನೆಯಲ್ಲಿ ಅದಕ್ಕೂ ನಳ್ಳಿಯೇ ಗತಿ.

ಪಾಲಿಕೆ ಕೈಹಾಕಬಹುದಾದ ಕೆಲಸವೊಂದಿದೆ, ಅದಕ್ಕೆ ನೂರಾರು ಕೋಟಿ ಬೇಡ. ಪ್ರತಿ ವಾರ್ಡಿನಲ್ಲೂ ಹಳೆಯ ಸಾರ್ವಜನಿಕ ಬಾವಿಗಳಿವೆ, ಶಾಲೆ, ದೇವಸ್ಥಾನ, ಇಗರ್ಜಿ, ಮಸೀದಿಗಳ ಬಾವಿಗಳಿವೆ. ವಾರ್ಡಿಗೆ ನಾಲ್ಕೈದನ್ನು ಆರಿಸಿ, ಹೂಳು ತೆಗೆಸಿ, ತಿಂಗಳಿಗೊಮ್ಮೆ ನೀರಿನ ಆಳ ಅಳೆಯಲಿ. ಮೂರು ತಿಂಗಳಿಗೊಮ್ಮೆ ಉಪ್ಪು ಮತ್ತು ಕೊಳಚೆಯ ಪರೀಕ್ಷೆ ಮಾಡಿಸಲಿ. ಅಳೆಯುವ ಕೆಲಸವನ್ನು ಶಾಲೆಯ ಮಕ್ಕಳೂ ಮಾಡಬಲ್ಲರು, ಪರೀಕ್ಷೆಗೆ ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆ ಕಣ್ಣೆದುರಿಗೇ ಇದೆ. ಗುಡ್ಡ ತಗ್ಗಿಸಲು, ಗದ್ದೆ ತುಂಬಿಸಲು ಅರ್ಜಿ ಬಂದಾಗ ಆ ಇಳಿಜಾರಿನ ಬಾವಿಗಳ ಲೆಕ್ಕವನ್ನು ಅಧಿಕಾರಿಯ ಮೇಜಿನ ಮೇಲಿಡಲಿ. ಕಟ್ಟಡ ಪರವಾನಗಿಯಲ್ಲಿ ಮಳೆಕೊಯ್ಲಿನ ಷರತ್ತು ಹೇಗೂ ಇದೆ. ಕಟ್ಟಡ ಮುಗಿದ ಮೇಲೆ ಅಕ್ಟೋಬರ್‌ನ ಒಂದು ಮಳೆಯ ದಿನ ಯಾರಾದರೂ ಹೋಗಿ ಪೈಪಿನಲ್ಲಿ ನೀರು ಇಳಿಯುತ್ತಿದೆಯೇ ಎಂದು ನೋಡಿ ಬರಲಿ. ಏಪ್ರಿಲ್ ಬಂದಾಗ ಪತ್ರಿಕೆಗಳಿಗೆ ಕೊಡುವ ತುಂಬೆಯ ಮಟ್ಟದ ಕೆಳಗೆ ಕದ್ರಿ, ಜೆಪ್ಪು, ಕಾವೂರು, ಸುರತ್ಕಲ್, ಬೆಂಗ್ರೆಯ ಬಾವಿಗಳ ಮಟ್ಟವನ್ನೂ ಕೊಡಲಿ.